ಕತ್ತಿನ ಗಂಟು ನೋವು: ಯಾವ ಚಿಕಿತ್ಸೆಯಿಂದ ಎಷ್ಟು ಫಲ?

(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಆರೋಗ್ಯ ಪಾಠ)



ದೇವನೂರು ಮತ್ತು ಸುತ್ತಮುತ್ತಲ ಹಳ್ಳಿಗಳಲ್ಲಿ ಮೈ ಬಗ್ಗಿಸಿ ದುಡಿಯುವವರಿಗೆ ಕತ್ತು ನೋವು ಹೊಸದೇನಲ್ಲ. ಸುಗ್ಗಿಯಲ್ಲಿ ರಾಗಿ ಕುಯ್ಯುವವರು, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು, ದಿನವಿಡೀ ಹೊಲಿಗೆ ಮೆಷಿನ್ ತುಳಿಯುವವರು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರುವವರು ಎಲ್ಲರೂ ಒಂದಲ್ಲ ಒಂದು ದಿನ "ಕತ್ತು ಹಿಡ್ಕೊಂಡಿದೆ, ಈ ಕಡೆ ತಿರುಗಕ್ಕೇ ಆಗ್ತಿಲ್ಲ ಕಣಕ್ಕ" ಎಂದು ಹೇಳಿದವರೇ. ಎರಡು ದಿನದಲ್ಲಿ ಸರಿಹೋದರೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ಉಳಿದುಬಿಟ್ಟರೆ ಕೂಲಿ ಹೋಗುತ್ತದೆ, ನಿದ್ದೆ ಕೆಡುತ್ತದೆ, ಅಂಗಡಿಯ ನೋವಿನ ಮಾತ್ರೆ ಅಭ್ಯಾಸವಾಗುತ್ತದೆ. ಕೊನೆಗೆ ಯಾರೋ "ಕರೆಂಟ್ ಕೊಡಿಸ್ಕೊ" ಅಂತಾರೆ, ಇನ್ಯಾರೋ "ಸೂಜಿ ಹಾಕಿಸ್ಕೊ" ಅಂತಾರೆ, ಮತ್ತೊಬ್ಬರು "ನೆಟಿಗೆ ತೆಗೆಸು, ಒಂದೇ ಏಟಿಗೆ ಹೋಗುತ್ತೆ" ಅಂತಾರೆ.

ಇವುಗಳಲ್ಲಿ ಯಾವುದರಿಂದ ನಿಜವಾಗಿ ಗುಣ, ಯಾವುದರಿಂದ ಎರಡು ದಿನದ ನೆಮ್ಮದಿ ಮಾತ್ರ, ಯಾವುದರಿಂದ ಅಪಾಯ ಎಂದು ತಿಳಿಯುವುದೇ ಈ ಪಾಠದ ಉದ್ದೇಶ.

ಗಂಟು ಅಂದರೆ ಏನು?

ಕತ್ತು ನೋವಿಗೆ ಕಾರಣ ಹಲವು. ಮೂಳೆ ಸವೆತ, ನರ ಒತ್ತುವುದು, ಪೆಟ್ಟು ಬೀಳುವುದು ಹೀಗೆ. ಆದರೆ ಬಹಳ ಜನರಲ್ಲಿ ನೋವು ಮಾಂಸಖಂಡದ್ದೇ ಆಗಿರುತ್ತದೆ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ದಪ್ಪ ಮಾಂಸಖಂಡವನ್ನು ಎದುರು ಕೈಯ ಬೆರಳಿನಿಂದ ಹಿಡಿದು ನೋಡಿ. ಒಳಗೆ ಹಗ್ಗದಂತೆ ಬಿಗಿದ ಎಳೆ, ಅದರಲ್ಲಿ ಹುಣಸೆ ಬೀಜದಂಥ ಒಂದು ಗಂಟು ಸಿಕ್ಕಬಹುದು. ಅದನ್ನು ಒತ್ತಿದಾಗ "ಅಯ್ಯೋ, ಇದೇ ನನ್ನ ನೋವು" ಅನ್ನಿಸಿದರೆ, ನೋವು ಅಲ್ಲಿಂದ ಕಿವಿಯ ಹಿಂದೆ, ಕಪಾಳದ ಕಡೆ, ಕಣ್ಣಿನ ಪಕ್ಕದವರೆಗೆ ಹರಿದರೆ, ಅದನ್ನು ವೈದ್ಯರು ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ನಾವು ನೋವಿನ ಗಂಟು ಎನ್ನೋಣ. ತಲೆನೋವೆಂದು ವರ್ಷಗಟ್ಟಲೆ ಮಾತ್ರೆ ನುಂಗುವ ಕೆಲವರ ನೋವಿನ ಬೇರು ಹೆಗಲಿನ ಈ ಗಂಟಿನಲ್ಲಿರುವುದುಂಟು.

ಈ ವಿಷಯವನ್ನು ಲೋಕಕ್ಕೆ ವಿವರವಾಗಿ ತಿಳಿಸಿದವರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಮುಖ್ಯರು. ಅಮೆರಿಕದ ಮೊದಲ ಕಥೋಲಿಕ ಅಧ್ಯಕ್ಷರಾದ ಜಾನ್ ಎಫ್. ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿದ ಈಕೆ, 1961ರಲ್ಲಿ ಅಧ್ಯಕ್ಷರ ಖಾಸಗಿ ವೈದ್ಯರಾದ ಮೊದಲ ಮಹಿಳೆ. ಡೇವಿಡ್ ಸೈಮನ್ಸ್ ಅವರೊಡನೆ ಸೇರಿ ಬರೆದ ದೊಡ್ಡ ಕೈಪಿಡಿ 1983ರಲ್ಲಿ ಹೊರಬಂತು. ಮಾಂಸಖಂಡ ಬಹಳ ಹೊತ್ತು ಸಡಿಲವಾಗದೆ ಬಿಗಿದೇ ಇದ್ದರೆ ಅಲ್ಲಿ ರಕ್ತದ ಓಡಾಟ ತಗ್ಗಿ ಗಂಟು ಕಟ್ಟುತ್ತದೆ ಎಂಬುದು ಇವರ ವಿವರಣೆ. ಗಂಟು ಹುಟ್ಟುವ ಬಗೆಯ ಮೇಲೆ ವಿಜ್ಞಾನಿಗಳಲ್ಲಿ ಇಂದಿಗೂ ಚರ್ಚೆ ಇದೆ. ಆದರೆ ಮುಟ್ಟಿದರೆ ನೋಯುವ ಜಾಗ ಇದೆ ಎನ್ನುವುದಕ್ಕೆ ಪುಸ್ತಕವೇ ಬೇಕಿಲ್ಲ.

ನಮ್ಮ ಕೆಲಸದಲ್ಲೇ ಕಾರಣ ಇದೆ. ತಲೆಯ ತೂಕ ಸುಮಾರು 5 ಕೆ.ಜಿ. ಬಗ್ಗಿ ಅಡಿಕೆ ಸುಲಿಯುವಾಗ ಅಷ್ಟು ಭಾರವನ್ನು ಹಿಂದಿನ ಮಾಂಸಖಂಡಗಳು ಗಂಟೆಗಟ್ಟಲೆ ಹಿಡಿದು ನಿಲ್ಲಿಸಬೇಕು. 15 ಲೀಟರಿನ ಕೊಡ ತಲೆಗೇರಿದರೆ ನೀರಿನ ಭಾರವೇ 15 ಕೆ.ಜಿ. ಜೊತೆಗೆ ಮನೆಯ ಚಿಂತೆ, ನಿದ್ದೆಗೆಡುವುದು, ಎತ್ತರದ ದಿಂಬು, ರಾತ್ರಿ ತಲೆ ಬಗ್ಗಿಸಿ ಮೊಬೈಲ್ ನೋಡುವುದು ಎಲ್ಲಾ ಸೇರುತ್ತವೆ.

ಚಿಕಿತ್ಸೆಗಳನ್ನು ತೂಗಿ ನೋಡೋಣ

ನಮ್ಮ ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಈ ಗಂಟು ನೋವು ಪ್ರಿಯವಾದ ಅಧ್ಯಯನದ ವಿಷಯ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಬೆಂಗಳೂರು, ಮಂಗಳೂರು ಮುಂತಾದ ಕಡೆ 'ಒತ್ತಡ ಮೇಲೋ, ಅಲ್ಟ್ರಾಸೌಂಡ್ ಮೇಲೋ, ಜಗ್ಗಿಸುವುದು ಮೇಲೋ' ಎಂದು ಹೋಲಿಸಿ ಪ್ರಬಂಧ ಬರೆದಿದ್ದಾರೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ರೋಗಿಗಳ ಸಂಖ್ಯೆ ಕಡಿಮೆ, ನೋಡುವುದು ಕೆಲವೇ ವಾರ. ಹೀಗಾಗಿ ಇಲ್ಲಿ ಹೊರದೇಶಗಳ ಕೆಲವು ಅಧ್ಯಯನಗಳನ್ನೂ ಸೇರಿಸಿಕೊಂಡಿದ್ದೇವೆ.

1. ಕಾವು. ಬಿಸಿನೀರಿನ ಚೀಲ ಅಥವಾ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 15-20 ನಿಮಿಷ ಕಾವು ಕೊಟ್ಟರೆ ಬಿಗಿತ ಸಡಿಲವಾಗುತ್ತದೆ. ಖರ್ಚಿಲ್ಲ. ಫಲ ಕೆಲವು ಗಂಟೆಗಳದ್ದು ಮಾತ್ರ. ಸಕ್ಕರೆ ಕಾಯಿಲೆಯಿಂದ ಚರ್ಮಕ್ಕೆ ಬಿಸಿ ಗೊತ್ತಾಗದವರು ಸುಟ್ಟುಕೊಳ್ಳುವ ಭಯವಿದೆ, ಎಚ್ಚರ. ಹೊಸ ಪೆಟ್ಟು ಬಿದ್ದು ಊದಿದ ಜಾಗಕ್ಕೆ ಕಾವು ಬೇಡ.

2. ಬೆರಳಿನ ಒತ್ತಡ ಮತ್ತು ಜಗ್ಗಿಸುವುದು. ಗಂಟಿನ ಮೇಲೆ ತಡೆಯುವಷ್ಟು ಒತ್ತಿ ಹಿಡಿದು ಬಿಡುವುದು, ಆಮೇಲೆ ಆ ಮಾಂಸಖಂಡವನ್ನು ನಿಧಾನ ಜಗ್ಗಿಸುವುದು. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಮನೆಯಲ್ಲೇ 5 ದಿನ ತಮ್ಮ ಗಂಟನ್ನು ತಾವೇ ಒತ್ತಿ ಜಗ್ಗಿಸಿದರು. ಇನ್ನೊಂದು ಗುಂಪಿನವರು ಕತ್ತನ್ನು ಬರೀ ಆಡಿಸಿದರು. ಮೊದಲ ಗುಂಪಿನಲ್ಲಿ ನೋವೂ, ಒತ್ತಿದಾಗಿನ ನುಲಿತವೂ ಹೆಚ್ಚು ಇಳಿಯಿತು. ಅಂದರೆ ಕಲಿತುಕೊಂಡರೆ ಈ ಚಿಕಿತ್ಸೆಗೆ ಊರು ಬಿಟ್ಟು ಹೋಗಬೇಕಿಲ್ಲ.

3. ಅಲ್ಟ್ರಾಸೌಂಡ್. ಇದು ಬಸುರಿಯರಿಗೆ ಮಾಡುವ ಸ್ಕ್ಯಾನ್ ಅಲ್ಲ. ಜೆಲ್ ಹಚ್ಚಿ ಸಣ್ಣ ತಲೆಯ ಯಂತ್ರವನ್ನು ಮೈಮೇಲೆ ಆಡಿಸುತ್ತಾರೆ, ಶಬ್ದದ ಅಲೆಗಳು ಒಳಗೆ ಹೋಗುತ್ತವೆ. ಡೆನ್ಮಾರ್ಕಿನ ವೈದ್ಯರು 1998ರಲ್ಲಿ 58 ಜನರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಗುಂಪಿಗೆ ನಿಜವಾದ ಅಲ್ಟ್ರಾಸೌಂಡ್, ಇನ್ನೊಂದಕ್ಕೆ ಹುಸಿ ಅಲ್ಟ್ರಾಸೌಂಡ್. ಇಬ್ಬರಿಗೂ ಮಸಾಜ್ ಮತ್ತು ವ್ಯಾಯಾಮ. ಮೂರನೆಯ ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ. ನಿಜ ಯಂತ್ರಕ್ಕೂ ಹುಸಿ ಯಂತ್ರಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಸಾಜ್ ಮತ್ತು ವ್ಯಾಯಾಮದಿಂದ ಗಂಟುಗಳು ಕಡಿಮೆಯಾದವು. ಆದರೆ ಗಂಟು ಕಡಿಮೆಯಾದಷ್ಟು ಪ್ರಮಾಣದಲ್ಲಿ ಕತ್ತಿನ ನೋವು ಇಳಿಯಲಿಲ್ಲ. ಇದು ನೆನಪಿಡಬೇಕಾದ ಮಾತು. ಗಂಟು ಕರಗಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ.

4. ಕರೆಂಟ್ ಚಿಕಿತ್ಸೆ. ಟೆನ್ಸ್, ಐ.ಎಫ್.ಟಿ. ಎಂಬ ಹೆಸರಿನವು. ಪ್ಯಾಡ್ ಅಂಟಿಸಿ ಜುಮುಗುಟ್ಟುವ ಹಾಗೆ ಸಣ್ಣ ಕರೆಂಟ್ ಬಿಡುತ್ತಾರೆ. ಹಚ್ಚಿದಾಗ ಮತ್ತು ಸ್ವಲ್ಪ ಹೊತ್ತು ಆಮೇಲೆ ನೋವು ಮರೆಯುತ್ತದೆ. ತಿಂಗಳುಗಟ್ಟಲೆ ಉಳಿಯುವ ಗುಣ ಇದರಿಂದ ಬರುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು ಮೊದಲೇ ತಿಳಿಸಬೇಕು.

5. ಲೇಸರ್. ಕಡಿಮೆ ಶಕ್ತಿಯ ಬೆಳಕನ್ನು ನೋವಿನ ಜಾಗಕ್ಕೆ ಬಿಡುವುದು. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 16 ಪರೀಕ್ಷೆಗಳ, ಒಟ್ಟು 820 ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಹಳೆಯ ಕತ್ತು ನೋವಿನಲ್ಲಿ ಚಿಕಿತ್ಸೆ ಮುಗಿದ ಮೇಲೂ 22 ವಾರಗಳವರೆಗೆ ಗುಣ ಕಂಡಿತ್ತು. ಯಂತ್ರಗಳ ಪೈಕಿ ಇದಕ್ಕೆ ಒಂದಿಷ್ಟು ಒಳ್ಳೆಯ ಆಧಾರವಿದೆ ಎನ್ನಬಹುದು. ಆದರೆ ಅಳತೆ ಸರಿಯಾಗಿರಬೇಕು, ಯಂತ್ರ ಎಲ್ಲ ಕಡೆ ಇರುವುದಿಲ್ಲ.

6. ಒಣ ಸೂಜಿ. ಔಷಧಿ ಇಲ್ಲದ ತೆಳು ಸೂಜಿಯನ್ನು ಗಂಟಿನೊಳಗೆ ಚುಚ್ಚುವುದು. ಸ್ಪೇನ್ ದೇಶದಲ್ಲಿ 94 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಸೂಜಿಯನ್ನೂ ಕೈಚಿಕಿತ್ಸೆಯನ್ನೂ ನೇರವಾಗಿ ಹೋಲಿಸಿತು. ಒತ್ತಿದಾಗಿನ ನೋವು ತಡೆಯುವ ಶಕ್ತಿ ಸೂಜಿಯವರಲ್ಲಿ ಸ್ವಲ್ಪ ಹೆಚ್ಚು ಬಂತು. ನೋವು ಇಳಿಯುವುದರಲ್ಲಿ, ಕತ್ತು ತಿರುಗುವುದರಲ್ಲಿ, ದಿನದ ಕೆಲಸ ಮಾಡುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹೆಗಲಿನ ಮಾಂಸಖಂಡದ ಕೆಳಗೇ ಶ್ವಾಸಕೋಶದ ತುದಿ ಇರುವುದರಿಂದ ತಪ್ಪಾಗಿ ಚುಚ್ಚಿದರೆ ಅದಕ್ಕೆ ತೂತಾಗುವ ಅಪಾಯ ಉಂಟು. ಆದ್ದರಿಂದ ತರಬೇತಿ ಪಡೆದವರ ಕೈಯಲ್ಲಿ, ಹೊಸ ಸೂಜಿಯಿಂದ ಮಾತ್ರ.

7. ಬಲ ತುಂಬುವ ವ್ಯಾಯಾಮ. ಫಿನ್‌ಲೆಂಡ್‌ನಲ್ಲಿ 25ರಿಂದ 53 ವರ್ಷದ, ಹಳೆಯ ಕತ್ತು ನೋವಿನ 180 ಮಹಿಳೆಯರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಕತ್ತು ಮತ್ತು ಹೆಗಲಿಗೆ ಬಲ ತುಂಬುವ ವ್ಯಾಯಾಮ ಮಾಡಿದವರಲ್ಲಿ ನೋವು ಚೆನ್ನಾಗಿ ಇಳಿದಿತ್ತು. ಬರೀ ಜಗ್ಗಿಸುವ ವ್ಯಾಯಾಮ, ನಡಿಗೆಯಂಥವನ್ನು ಮಾಡಲು ಹೇಳಿದ್ದ ಗುಂಪಿನಲ್ಲಿ ಅಷ್ಟು ಗುಣ ಕಾಣಲಿಲ್ಲ. 2011ರ ಡೆನ್ಮಾರ್ಕಿನ ಇನ್ನೊಂದು ಅಧ್ಯಯನದಲ್ಲಿ 198 ಜನ ಇದ್ದರು. ರಬ್ಬರ್ ಟ್ಯೂಬ್ ಹಿಡಿದು ವಾರಕ್ಕೆ 5 ದಿನ, 10 ವಾರ ವ್ಯಾಯಾಮ. ದಿನಕ್ಕೆ 12 ನಿಮಿಷ ಮಾಡಿದವರಿಗೆ ಮಾತ್ರವಲ್ಲ, ಬರೀ 2 ನಿಮಿಷ ಮಾಡಿದವರಿಗೂ ನೋವು ಕಡಿಮೆಯಾಯಿತು.

ಹಾಗಾದರೆ ತೀರ್ಮಾನ ಏನು?

ಕಾವು, ಕರೆಂಟ್, ಒತ್ತಡ, ಸೂಜಿ ಇವೆಲ್ಲ ನೋವಿನ ಬಾಗಿಲು ತೆರೆದುಕೊಡುತ್ತವೆ. ಒಳಗೆ ಹೋಗಿ ಮನೆ ರಿಪೇರಿ ಮಾಡುವುದು ವ್ಯಾಯಾಮ. ಹತ್ತು ಸಿಟ್ಟಿಂಗ್ ಯಂತ್ರದ ಚಿಕಿತ್ಸೆ ಮಾಡಿಸಿ, ಹೇಳಿದ ವ್ಯಾಯಾಮ ಮಾಡದೆ ಅದೇ ಕೆಲಸಕ್ಕೆ ಅದೇ ರೀತಿ ಕೂತರೆ ನೋವು ಮತ್ತೆ ಬರುವುದೇ ಹೆಚ್ಚು. ಆಗ "ಫಿಸಿಯೋಥೆರಪಿ ಸುಮ್ನೆ ದುಡ್ಡು ದಂಡ" ಎಂಬ ಮಾತು ಹುಟ್ಟುತ್ತದೆ. ಫಿಸಿಯೋಥೆರಪಿ ದಂಡವಲ್ಲ, ಅದರಲ್ಲಿ ಮುಖ್ಯವಾದ ಭಾಗವನ್ನೇ ನಾವು ಬಿಟ್ಟುಬಂದಿರುತ್ತೇವೆ.

ಲೆಕ್ಕ ಹಾಕಿ ನೋಡಿ. ಹತ್ತು ದಿನ ಪೇಟೆಗೆ ಹೋಗಿಬಂದರೆ ಸಿಟ್ಟಿಂಗಿನ ದುಡ್ಡಿನ ಜೊತೆ ಹತ್ತು ದಿನದ ಕೂಲಿಯೂ ಹೋಯಿತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಚಾರ್ಜು ಉಳಿದರೂ ಹೋದ ದಿನ ವಾಪಸ್ ಬರುವುದಿಲ್ಲ. ಅದೇ ಎರಡು ಮೂರು ಸಲ ಹೋಗಿ, ಸರಿಯಾಗಿ ಪರೀಕ್ಷೆ ಮಾಡಿಸಿಕೊಂಡು, ಒತ್ತುವುದನ್ನೂ ವ್ಯಾಯಾಮವನ್ನೂ ಕಲಿತುಬಂದರೆ ಉಳಿದದ್ದು ಮನೆಯಲ್ಲೇ ಆಗುತ್ತದೆ.

"ದಿನವಿಡೀ ದುಡಿಯೋರಿಗೆ ಇನ್ನೇನು ವ್ಯಾಯಾಮ?"

ಈ ಪ್ರಶ್ನೆ ನ್ಯಾಯವಾದದ್ದೇ. ಮೇಲೆ ಹೇಳಿದ ಫಿನ್‌ಲೆಂಡ್, ಡೆನ್ಮಾರ್ಕಿನವರು ಕಛೇರಿಯಲ್ಲಿ ಕೂತು ಕೆಲಸ ಮಾಡುವವರು. ನಮ್ಮ ಅಕ್ಕತಂಗಿಯರಂತೆ ಹೊರೆ ಹೊರುವವರಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಿ. ಕೆಲಸದಲ್ಲಿ ಒಂದೇ ಮಾಂಸಖಂಡ ಒಂದೇ ಭಂಗಿಯಲ್ಲಿ ಬಿಡುವಿಲ್ಲದೆ ಬಿಗಿದಿರುತ್ತದೆ. ವ್ಯಾಯಾಮದಲ್ಲಿ ಅದು ಬಿಗಿಯುತ್ತದೆ, ಸಡಿಲವಾಗುತ್ತದೆ, ಪೂರ್ತಿ ಆಡುತ್ತದೆ, ಭಾರವೂ ನಮ್ಮ ಅಳತೆಯಲ್ಲಿ ನಿಧಾನವಾಗಿ ಏರುತ್ತದೆ. ಎತ್ತಿಗೆ ಇಡೀ ದಿನ ನೊಗ ಹೊರಿಸಿ ನಿಲ್ಲಿಸುವುದು ಬೇರೆ, ಉತ್ತು ಬಿಟ್ಟು ನೀರು ಕುಡಿಸುವುದು ಬೇರೆ. ಆದ್ದರಿಂದ ಭಾರ ಹೊರುವವರು ಕಡಿಮೆಯಿಂದ ಶುರುಮಾಡಿ. ಸುಗ್ಗಿಯ ದಿನಗಳಲ್ಲಿ ಬಲದ ವ್ಯಾಯಾಮ ತಗ್ಗಿಸಿ, ಕೆಲಸದ ನಡುವೆ ಬಿಡುವನ್ನು ಹೆಚ್ಚಿಸಿ.

ಮನೆಯಲ್ಲಿ ಮಾಡುವ ಕ್ರಮ

ಮೊದಲು ವೈದ್ಯರಿಗೆ ಅಥವಾ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, ನೋವು ಮಾಂಸಖಂಡದ್ದೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ:

ಒತ್ತುವುದು: ಬೆನ್ನಿಗೆ ಆಸರೆ ಕೊಟ್ಟು ಕೂತುಕೊಳ್ಳಿ. ಬಲ ಹೆಗಲಿನ ಗಂಟಿಗೆ ಎಡಗೈಯ ಬೆರಳು. ನೋವು ತಡೆಯುವಷ್ಟು ಮಾತ್ರ ಒತ್ತಿ 30ರಿಂದ 60 ಸೆಕೆಂಡ್ ಹಿಡಿಯಿರಿ. ಉಸಿರು ಕಟ್ಟಬೇಡಿ. ಬೆರಳಿಗೆ ಸಿಕ್ಕದ ಜಾಗವಾದರೆ ರಬ್ಬರ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ. ಕತ್ತಿನ ಮುಂಭಾಗ ಮತ್ತು ಗಂಟಲ ಪಕ್ಕ ಯಾವತ್ತೂ ಒತ್ತಬಾರದು, ಅಲ್ಲಿ ಮಿದುಳಿಗೆ ಹೋಗುವ ರಕ್ತನಾಳ ಇದೆ.

ಜಗ್ಗಿಸುವುದು: ನೋವಿರುವ ಕಡೆಯ ಕೈಯಿಂದ ಕುರ್ಚಿಯ ಅಂಚು ಹಿಡಿದು, ತಲೆಯನ್ನು ಎದುರು ಹೆಗಲ ಕಡೆ ನಿಧಾನ ವಾಲಿಸಿ 30 ಸೆಕೆಂಡ್ ನಿಲ್ಲಿಸಿ. ಮೂರು ಸಲ. ಎಳೆದು ಝಾಡಿಸಬೇಡಿ.

ಬಲ ತುಂಬುವುದು: ಅಂಗೈಯನ್ನು ಹಣೆಗಿಟ್ಟು, ತಲೆ ಮುಂದಕ್ಕೂ ಕೈ ಹಿಂದಕ್ಕೂ ತಳ್ಳುವಂತೆ 5 ಸೆಕೆಂಡ್ ಹಿಡಿಯಿರಿ, ತಲೆ ಅಲ್ಲಾಡಬಾರದು. ಹೀಗೇ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ. ಒಂದೊಂದು ದಿಕ್ಕಿಗೆ 10 ಸಲ. ಇದು ಸುಲಭವಾದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು, ಕೈಗಳನ್ನು ಪಕ್ಕದಿಂದ ಹೆಗಲ ಮಟ್ಟದವರೆಗೆ ಎತ್ತಿ ಇಳಿಸಿ. ಬಿರುಕಿಲ್ಲದ ಹಳೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕಾಲಡಿ ಮೆಟ್ಟಿ ಎರಡೂ ತುದಿ ಹಿಡಿದರೂ ಆದೀತು. ದಿನಕ್ಕೆ 2 ನಿಮಿಷ, ವಾರಕ್ಕೆ 5 ದಿನ.

ಮಾಡಿದ ಮೇಲೆ ಸ್ವಲ್ಪ ಮೈಕೈ ನೋವು ಸಹಜ. ಮಾರನೆಯ ದಿನವೂ ಕತ್ತು ನೋವು ಹೆಚ್ಚಿದ್ದರೆ ಅರ್ಧ ಕಡಿಮೆ ಮಾಡಿ. ಫಲ ಕಾಣಲು ಆರರಿಂದ ಹತ್ತು ವಾರ ತಾಳ್ಮೆ ಬೇಕು.

ಕೆಲಸದ ಜಾಗದಲ್ಲೂ ಬದಲಾವಣೆ ಬೇಕು. ಅಡಿಕೆ ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಹೆಗಲು ತಿರುಗಿಸಿ. ಹೊಲಿಗೆ ಮೆಷಿನಿಗೆ ತಕ್ಕ ಎತ್ತರದ ಪೀಠ ಇರಲಿ. ಹೊರೆಯನ್ನು ಎರಡು ಭಾಗ ಮಾಡಿ ಎರಡು ಸಲ ತನ್ನಿ, ತಲೆಗೆ ಏರಿಸಲು ಇಳಿಸಲು ಇನ್ನೊಬ್ಬರು ಕೈಕೊಡಲಿ. ಮನೆಯ ಗಂಡಸರೂ ಗಂಡುಮಕ್ಕಳೂ ನೀರು, ಹುಲ್ಲಿನ ಕೆಲಸದಲ್ಲಿ ಪಾಲು ತೆಗೆದುಕೊಂಡರೆ ಅದೂ ಒಂದು ಚಿಕಿತ್ಸೆಯೇ.

ಇವುಗಳಿಂದ ದೂರವಿರಿ

ಕ್ಷೌರದಂಗಡಿಯಲ್ಲೋ ಜಾತ್ರೆಯಲ್ಲೋ ಕತ್ತನ್ನು ಥಟ್ಟನೆ ತಿರುವಿ ನೆಟಿಗೆ ತೆಗೆಸುವುದು ಬೇಡ. ಅಪರೂಪಕ್ಕಾದರೂ ಇದರಿಂದ ಕತ್ತಿನ ರಕ್ತನಾಳ ಸೀಳಿ ಪಾರ್ಶ್ವವಾಯು ಬರಬಹುದು. ಕತ್ತಿನ ಪಟ್ಟಿಯನ್ನು ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿಕೊಂಡರೆ ಮಾಂಸಖಂಡ ಇನ್ನೂ ಸೊರಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಬರಬಹುದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ಮರದಿಂದ, ಗಾಡಿಯಿಂದ ಅಥವಾ ಹೊರೆಯ ಸಮೇತ ಬಿದ್ದ ಮೇಲೆ ಬಂದ ಕತ್ತು ನೋವು
- ಕೈಯಲ್ಲಿ ಜೋಮು, ಹಿಡಿತ ತಪ್ಪುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಮೇಲೆ ಹಿಡಿತ ಇಲ್ಲದಿರುವುದು
- ಜ್ವರದ ಜೊತೆ ಕತ್ತು ಸೆಟೆದುಕೊಳ್ಳುವುದು
- ತೂಕ ಇಳಿಯುವುದು, ಸಂಜೆ ಜ್ವರ, ಮಲಗಿದರೂ ಬಿಡದ ರಾತ್ರಿ ನೋವು (ಬೆನ್ನುಮೂಳೆಗೆ ಕ್ಷಯರೋಗ ತಗಲುವುದುಂಟು)
- ಹಠಾತ್ ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು
- ಎದೆ ಬಿಗಿತ, ಬೆವರಿನ ಜೊತೆ ಕತ್ತು, ದವಡೆ, ಎಡಗೈಗೆ ಹರಿಯುವ ನೋವು. ಇದು ಹೃದಯಾಘಾತ ಇರಬಹುದು; ಕೂಡಲೇ 108ಕ್ಕೆ ಕರೆ ಮಾಡಿ.

ಎಲ್ಲಿಗೆ ಹೋಗುವುದು, ಏನು ಕೇಳುವುದು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಂದ ಕಡೂರಿನ ಸರ್ಕಾರಿ ಆಸ್ಪತ್ರೆಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಚೀಟಿ ಬರೆಸಿಕೊಳ್ಳಬಹುದು. ಹಿರಿಯರ ಆರೋಗ್ಯಕ್ಕಾಗಿ 2010ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿಯೂ ಸೇರಿದೆ. ಯಾವ ದಿನ, ಎಲ್ಲಿ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ ಹೋಗಿ. ದೂರದ ದೊಡ್ಡ ಆಸ್ಪತ್ರೆಗಳ ಪೈಕಿ, 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಸಂಸ್ಥೆ ಇಂದು ಫಿಸಿಯೋಥೆರಪಿ ಕಾಲೇಜನ್ನೂ ನಡೆಸುತ್ತಿದೆ. ಆದರೆ ಸಾಮಾನ್ಯ ಗಂಟು ನೋವಿಗೆ ಅಷ್ಟು ದೂರದ ಪ್ರಯಾಣ ಬೇಕಾಗುವುದಿಲ್ಲ.

ಖಾಸಗಿಯಾಗಿ ಹೋಗುವುದಾದರೆ ಬಿ.ಪಿ.ಟಿ. ಪದವಿ ಪಡೆದವರೇ ಎಂದು ಕೇಳಿ. 2021ರ ಕೇಂದ್ರ ಕಾಯ್ದೆಯ ಪ್ರಕಾರ ಫಿಸಿಯೋಥೆರಪಿ ಕೂಡ ನೋಂದಣಿಗೆ ಒಳಪಟ್ಟ ಆರೋಗ್ಯ ವೃತ್ತಿ. ಅಲ್ಲಿ ಸಂಕೋಚಪಡದೆ ಮೂರು ಪ್ರಶ್ನೆ ಕೇಳಿ: "ನನ್ನ ನೋವಿಗೆ ಕಾರಣ ಏನು? ಮನೇಲಿ ನಾನೇ ಏನು ಮಾಡ್ಕೋಬಹುದು, ತೋರಿಸಿಕೊಡ್ತೀರಾ? ಎಷ್ಟು ಸಲ ಬರಬೇಕು, ಗುಣ ಕಾಣದಿದ್ದರೆ ಮುಂದೇನು?" ಒಳ್ಳೆಯ ಚಿಕಿತ್ಸಕರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕತ್ತು ನೋವಿರುವವರು ಎಷ್ಟು ಜನ? ಈವರೆಗೆ ಏನೇನು ಮಾಡಿಸಿದ್ದಾರೆ, ಎಷ್ಟು ಖರ್ಚಾಗಿದೆ?
2. ನಮ್ಮ ಯಾವ ಕೆಲಸದಲ್ಲಿ ಕತ್ತಿಗೆ ಹೆಚ್ಚು ಭಾರ? ಅದನ್ನು ಹೇಗೆ ಹಗುರ ಮಾಡಬಹುದು?
3. ಆರೋಗ್ಯ ಕೇಂದ್ರದ ವೈದ್ಯರನ್ನೋ ಫಿಸಿಯೋಥೆರಪಿಸ್ಟ್‌ರನ್ನೋ ಒಂದು ಸಭೆಗೆ ಕರೆಸಿ, ಎಲ್ಲರೂ ಒಟ್ಟಿಗೆ ಕಲಿಯಬಹುದೇ?

ಸಭೆ ಮುಗಿಯುವ ಮುನ್ನ ಎಲ್ಲರೂ ಎದ್ದು ನಿಂತು 2 ನಿಮಿಷದ ವ್ಯಾಯಾಮ ಮಾಡಿ. ಹತ್ತು ವಾರ ನಿಲ್ಲಿಸದೆ ಮಾಡುವುದಾಗಿ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ, ಪ್ರತಿ ಸಭೆಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿ. ಸಂತ ಪೌಲರು ಕೊರಿಂಥದ ಸಭೆಗೆ ಬರೆದಾಗ ಒಂದು ಅಂಗದ ನೋವು ಇಡೀ ದೇಹದ ನೋವು ಎಂಬ ಅರ್ಥದ ಮಾತು ಹೇಳಿದ್ದಾರೆ. ಯಾವ ಧರ್ಮದವರಾದರೂ ನಮ್ಮ ಸಂಘಗಳು ನಡೆದುಬಂದಿರುವುದು ಅದೇ ನಂಬಿಕೆಯ ಮೇಲೆ. ಸಾಲ ತೀರಿಸಲು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು, ಕತ್ತು ನೋವು ತೀರಿಸಲೂ ಜೊತೆ ನಿಲ್ಲೋಣ.